ಯಾರೂ ತೆಗೆಸದ ಫೋಟೋ

ಹೊಸ ವರ್ಷಕ್ಕೆ ಇನ್ನೆರಡು ದಿನ ಇರುವಾಗ ಗಣಿ ಕಂಪನಿಯ ಕ್ಯಾಲೆಂಡರ್ ಮನೆಗೆ ಬಂತು. ದುರ್ಗಕ್ಕ ಅಡುಗೆಮನೆಯಲ್ಲಿ ಕಾಲು ಚಾಚಿ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಮಗ ಮಾರೇಶ ಒಂದು ಕೈಯಲ್ಲಿ ಪೇಡಾ ಡಬ್ಬಿ, ಇನ್ನೊಂದರಲ್ಲಿ ಸುರುಳಿ ಸುತ್ತಿದ ಕ್ಯಾಲೆಂಡರ್ ಹಿಡಿದು ಬಂದವನೇ, "ಹೇಮಾ, ಮೊಳಿ ಎಲ್ಲೈತಿ? ಜಲ್ದಿ ಕೊಡು," ಅಂತ ಹೆಂಡತಿಯನ್ನು ಕೂಗಿದ. ಫ್ರಿಜ್ಜಿನ ಪಕ್ಕದ ಗೋಡೆಗೆ ತಾನೇ ಮೊಳೆ ಹೊಡೆದು ತೂಗುಹಾಕಿ ಹಿಂದೆ ಸರಿದು ನಿಂತ.

"ನೋಡವ್ವಾ. ಹನ್ನೆರಡು ತಿಂಗಳದಾಗ ಮೊದಲ್ನೇ ಪುಟಾನ ನಂದು."

ದುರ್ಗಕ್ಕ ತಲೆಯೆತ್ತಿ ನೋಡಿದಳು. ಗುಡ್ಡದ ಓರೆಯ ತುಂಬ ನೀಲಿ ಗುರಿಗೆ ಹೂವು, ಮೇಲೆ ಆಗಷ್ಟೇ ಸರಿಯುತ್ತಿರುವ ಮಂಜು. ಕೆಳಗೆ ದಪ್ಪಕ್ಷರದಲ್ಲಿ, 'ಗಣಿಗಾರಿಕೆ ಮುಗಿದ ನೆಲದಲ್ಲಿ ನಾವು ಮರಳಿ ಬೆಳೆಸಿದ ಹಸಿರು' ಎಂದಿತ್ತು. ಅದರ ಕೆಳಗೆ ಸಣ್ಣಕ್ಷರದಲ್ಲಿ, 'ಛಾಯಾಚಿತ್ರ: ಮಾರೇಶ್, ಸಾರ್ವಜನಿಕ ಸಂಪರ್ಕ ವಿಭಾಗ.'

ಅವಳು ಸೊಪ್ಪಿನ ಕಟ್ಟು ಕೆಳಗಿಟ್ಟಳು.

"ಇದು ನನ್ನ ಫೋಟೋ."

"ಹೌದವ್ವಾ, ನಮ್ಮನಿದಾ."

"ನಮ್ಮನಿದಲ್ಲಲೇ. ನಂದು."

ಪೇಡಾ ಡಬ್ಬಿಯ ದಾರ ಬಿಚ್ಚುತ್ತಿದ್ದ ಹೇಮಾವತಿಯ ಕೈ ಅಲ್ಲೇ ನಿಂತಿತು.

ಸಂಡೂರಿನಲ್ಲಿ ದುರ್ಗಕ್ಕನನ್ನು ಅರಿಯದವರು ಕಡಿಮೆ. ಗಂಡ ಬಜಾರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ. ಮಾರೇಶನಿಗೆ ಆರು ವರ್ಷವಿದ್ದಾಗ ಅವನು ತೀರಿಕೊಂಡ. ಹದಿಮೂರನೇ ದಿನ ಮುಗಿದದ್ದೇ ಅವಳು ಶಟರ್ ಎತ್ತಿ ತಾನೇ ಕ್ಯಾಮೆರಾ ಹಿಡಿದಳು. ಗಂಡಸರನ್ನು ಒಳಗೆ ಬಿಡದ ಮನೆಗಳವರು ಮದುವೆಗೆ, ಸೀಮಂತಕ್ಕೆ ಇವಳನ್ನೇ ಕರೆಸುತ್ತಿದ್ದರು. ಶಾಲೆಯ ಗ್ರೂಪ್ ಫೋಟೋ, ರೇಷನ್ ಕಾರ್ಡಿನ ಫೋಟೋ, ಕುರ್ಚಿಗೆ ಕಟ್ಟಿ ಕೂರಿಸಿದ ಹೆಣದ ಫೋಟೋ, ಏನು ಬಂದರೂ ತೆಗೆದಳು. ಇಪ್ಪತ್ತಾರು ವರ್ಷ ಮಂದಿ ಹೇಳಿದ್ದನ್ನೇ ತೆಗೆದಳು.

ಯಾರೂ ಹೇಳದೆ ತನಗಾಗಿ ತೆಗೆದದ್ದು ಇದೊಂದೇ. ಎಂಟು ವರ್ಷದ ಹಿಂದೆ, ಹಲವು ವರ್ಷಕ್ಕೊಮ್ಮೆ ಅರಳುವ ಗುರಿಗೆ ಹೂ ಬಿಟ್ಟಾಗ ಊರಿನ ಆಚೆ ಎರ್ರಮ್ಮನ ಗುಂಡು ಇರುವ ಓರೆ ಪೂರಾ ನೀಲಿಯಾಗಿತ್ತು. ಎರ್ರಮ್ಮನ ಗುಂಡು ಅಂದರೆ ಆನೆಯಷ್ಟು ದೊಡ್ಡ ಬಂಡೆ. ಸುಣ್ಣ ಬಳಿದು ಕುಂಕುಮವಿಟ್ಟ ದೇವತೆ. ಮೂರು ಬೆಳಗಿನ ಜಾವ ಅವಳು ಅಲ್ಲಿಗೆ ಹತ್ತಿ ಮಂಜು ಸರಿಯುವುದಕ್ಕೆ ಕಾದಳು. ಮೂರನೇ ದಿನ ಸಿಕ್ಕಿತು. ಇಳಿಯುವಾಗ ಕಾಲು ಜಾರಿತು. ಎಡಗೈಯಲ್ಲಿ ಕ್ಯಾಮೆರಾ ಎತ್ತಿ ಹಿಡಿದು ಬಲಗೈ ಊರಿದಳು. ಕ್ಯಾಮೆರಾ ಉಳಿಯಿತು, ಮಣಿಕಟ್ಟು ಎರಡು ತುಂಡಾಯಿತು. ಒಳಗೆ ಕಬ್ಬಿಣದ ಪಟ್ಟಿ ಹಾಕಿದರು. ಆಮೇಲೆ ಆ ಕೈಯಲ್ಲಿ ಕ್ಯಾಮೆರಾ ಅಲುಗದೆ ನಿಲ್ಲಲಿಲ್ಲ, ರೊಟ್ಟಿ ಬಡಿಯಲಾಗಲಿಲ್ಲ. ಸ್ಟುಡಿಯೋದ ಶಟರ್ ಇಳಿಯಿತು.

ಮರುವರ್ಷ ಆ ಗುಡ್ಡ ಕಂಪನಿಗೆ ಹೋಯಿತು. ಕೆಳಗೆ ಟೈಲ್ಸ್ ಹಾಕಿದ ಪುಟ್ಟ ಗುಡಿ ಕಟ್ಟಿ ಪೂಜೆ ಮಾಡಿಸಿ ದೇವತೆಯನ್ನು ಅದರೊಳಕ್ಕೆ ಇಳಿಸಿ, ಬಂಡೆಯನ್ನು ಒಡೆದರು. ದುರ್ಗಕ್ಕ ನೋಡಲು ಹೋಗಲಿಲ್ಲ. ಮಾರೇಶ ಆಗ ಅದೇ ಕಂಪನಿಯ ವೇಬ್ರಿಡ್ಜಿನಲ್ಲಿ ಮೂರು ಪಾಳಿಯಲ್ಲಿ ಕೆಂಪು ಧೂಳು ಕುಡಿಯುತ್ತ ಲಾರಿಗಳನ್ನು ತೂಗುತ್ತಿದ್ದ. ಹೋದ ವರ್ಷ ನೌಕರರಿಗೆ ಫೋಟೋ ಸ್ಪರ್ಧೆ ಇಟ್ಟರು. ಮಾರೇಶನಿಗೆ ಮೊದಲ ಬಹುಮಾನ. ಮೂರೇ ತಿಂಗಳಲ್ಲಿ ತಣ್ಣಗಿನ ಆಫೀಸು, ಈ ಕ್ವಾರ್ಟರ್ಸು. ಏನು ಫೋಟೋ ಕೊಟ್ಟೆ ಅಂತ ಅವಳು ಕೇಳಿದ್ದಳು. "ಯಾವುದೋ ಒಂದು," ಅಂದಿದ್ದ.

"ಎಡಕ್ಕ ಗುಂಡಿತ್ತು. ಎಲ್ಲೈತಿ?" ದುರ್ಗಕ್ಕ ಎದ್ದು ಕ್ಯಾಲೆಂಡರಿನ ಮುಂದೆ ನಿಂತು ಕೇಳಿದಳು.

"ಸೈಜಿಗೆ ಕಟ್ ಮಾಡ್ಯಾರ."

"ಅವರು ಮಾಡಿದ್ರೋ, ನೀ ಮಾಡಿದ್ಯೋ?"

ಮಾರೇಶ ಕ್ಯಾಲೆಂಡರಿನ ಸುರುಳಿಯಾದ ಅಂಚನ್ನು ನೀವಿದ.

"ಗುಂಡು ಕಂಡ್ರ ಇದು ಹಳೇ ಗುಡ್ಡ ಅಂತ ಸಂಡೂರಿನ ಕೂಸಿಗೂ ಗೊತ್ತಾಗ್ತೈತಿ. ಅದಕ್ಕ ಕತ್ತರಿಸಿದಿ. ನಾಳೆ ಆಫೀಸಿಗೆ ಹೋಗಿ ಹೇಳು. ಫೋಟೋ ನಮ್ಮವ್ವಂದು, ಗುಡ್ಡ ಒಡೆಯೋದಕ್ಕಿಂತ ಮೊದಲಿಂದು ಅಂತ ಹೇಳು."

"ಹೇಳಿದ್ರ ಕೆಲಸ ಹೋಗ್ತೈತವ್ವಾ."

"ಹೋಗ್ಲಿ."

"ಒಂದು ಹೆಸರಿಗೋಸ್ಕರ ಮನಿಮಂದಿ ಅನ್ನಕ್ಕ ಮಣ್ಣು ಹಾಕ್ತಿಯೇನು?" ಮಾರೇಶನ ದನಿ ಏರಿತು. "ಡಿಗ್ರಿ ಮುಗಿಸಿ ಸ್ಟುಡಿಯೋದಾಗ ಕುಂದ್ರತೀನಿ ಅಂದಿದ್ದೆ. ಕ್ಯಾಮೆರಾ ಮುಟ್ಟಬ್ಯಾಡ, ನಿನ್ನ ಕೈ ನಡಗ್ತಾವ ಅಂದಿ. ಮದುವಿ ಮನ್ಯಾಗ, ಅಷ್ಟೂ ಮಂದಿ ಮುಂದ ಅಂದಿ. ನೆನಪೈತೇನು?"

"ನಡಗ್ತಿದ್ವು. ಅದಕ್ಕ ಅಂದೆ."

ಅವತ್ತು ಪೇಡಾವನ್ನು ಯಾರೂ ಮುಟ್ಟಲಿಲ್ಲ.

ಮರುದಿನ ದುರ್ಗಕ್ಕ ಬಜಾರಿನಿಂದ ಒಂದು ಒಂಟಿ ಒಲೆಯ ಸಣ್ಣ ಗ್ಯಾಸ್ ತಂದು ಅಡುಗೆಮನೆಯ ಮೂಲೆಯಲ್ಲಿಟ್ಟಳು. ಮಗನ ದುಡಿಮೆಯ ಕಾಳು ತನಗೆ ಬೇಡ ಅಂದಳು. ವಿಧವಾ ಪಿಂಚಣಿಯಲ್ಲಿ ಜೋಳದ ನುಚ್ಚು, ಮೆಣಸಿನಕಾಯಿ ತಂದುಕೊಂಡಳು. ಹೇಮಾವತಿ ದೊಡ್ಡ ಒಲೆಯ ಮೇಲೆ ರೊಟ್ಟಿ ಬೇಯಿಸುತ್ತಿದ್ದರೆ ಅತ್ತೆ ಮೂಲೆಯಲ್ಲಿ ನುಚ್ಚು ತಿರುವುತ್ತಿದ್ದಳು. ನೆರೆಯವರು ಬಂದಾಗ ಹೇಮಾವತಿ ಅಡುಗೆಮನೆಯ ಬಾಗಿಲು ಎಳೆದುಕೊಳ್ಳುತ್ತಿದ್ದಳು.

ಒಂದು ವಾರ ನೋಡಿ ಹೇಮಾವತಿ ಬಾಯಿಬಿಟ್ಟಳು. "ಅತ್ತಿ, ನಾ ದರೋಜಿ ಕಡೇಕಿ. ಹುಟ್ಟಿದಾಗಿಂದ ಕೊಡ ಹೊತ್ತೀನಿ. ಇಲ್ಲಿ ಎರಡು ಹೊತ್ತು ನಳದಾಗ ನೀರು ಬರ್ತಾವ್ರಿ. ಒಂದು ಫೋಟೋಕ್ಕ ಇದನ್ನ ಕಳಕೊಳ್ಳೋದೇನ್ರಿ?"

"ನೀ ಹಾಕಿದ ಉಪ್ಪಿನಕಾಯಿ ಭರಣಿಗೆ ಪಕ್ಕದ ಮನಿಯಾಕಿ ತನ್ನ ಹೆಸರು ಬರದು ಮಾರಿದ್ರ ಸುಮ್ಮನ ಇರ್ತಿಯೇನು?"

"ಪಕ್ಕದ ಮನಿಯಾಕಿ ಅಲ್ರಿ, ಮಗ."

"ಅದಕ್ಕ ಸಿಟ್ಟು ಜಾಸ್ತಿ."

ಮೊಮ್ಮಗಳು ಗಂಗೋತ್ರಿ ಹೊಸಪೇಟೆಯಲ್ಲಿ ಬಿ.ಕಾಂ. ಓದುತ್ತಿದ್ದಳು, ದಿನಾ ಬಸ್ಸಿನಲ್ಲಿ ಓಡಾಟ. ಕಾಲೇಜಿಗೆ ವಾರಕ್ಕೆರಡು ದಿನ ಕಾನೂನು ಪಾಠಕ್ಕೆ ಬರುವ ಮಾಧವಿ ಎಂಬ ವಕೀಲರ ಹತ್ತಿರ ಅವಳೇ ಅಜ್ಜಿಯ ವಿಷಯ ಎತ್ತಿದಳು. ಸಂಕ್ರಾಂತಿ ಮುಗಿದ ವಾರ ಅಜ್ಜಿ ಮೊಮ್ಮಗಳು ಹೊಸಪೇಟೆಯ ಸ್ಟೇಷನ್ ರೋಡಿನಲ್ಲಿ ಅವರ ಆಫೀಸಿನ ಮಹಡಿ ಹತ್ತಿದರು. ದುರ್ಗಕ್ಕ ಸ್ಟೀಲ್ ಡಬ್ಬಿಯಿಂದ ಹಳೆಯ ಮೆಮೊರಿ ಕಾರ್ಡ್ ತೆಗೆದು ಮೇಜಿನ ಮೇಲಿಟ್ಟಳು. ಮಾಧವಿ ಅದನ್ನು ಕಂಪ್ಯೂಟರಿಗೆ ಹಾಕಿ ನೋಡಿದರು. ಪೂರ್ತಿ ಫೋಟೋ, ಎಡಕ್ಕೆ ಗುಂಡು, ತಾರೀಖು, ಎಲ್ಲ ಇತ್ತು.

"ಇದನ್ನ ತೆಗೀರಿ ಅಂತ ಯಾರಾದ್ರೂ ಹೇಳಿದ್ರೇನ್ರಿ? ರೊಕ್ಕ ಕೊಟ್ಟಿದ್ರೇನು?"

"ಯಾರೂ ಹೇಳಿರ್ಲಿಲ್ರಿ ಮೇಡಂ. ಯಾರೂ ಕೊಟ್ಟಿಲ್ಲ."

"ಹಂಗಿದ್ರ ಇದು ಪೂರಾ ನಿಮ್ಮದ. ಮದುವಿ ಫೋಟೋ ಆಗಿದ್ರ ಹಕ್ಕು ರೊಕ್ಕ ಕೊಟ್ಟು ತೆಗಿಸಿದವರಿಗೆ ಹೋಗ್ತಿತ್ತು. ಮಗಗ ಏನರೆ ಬರದು ಕೊಟ್ಟೀರೇನು?"

"ಅವನು ಕೇಳೇ ಇಲ್ರಿ."

"ಬರದು ಕೊಡದನ ಹಕ್ಕು ಹೋಗಂಗಿಲ್ಲ. ಮಗ ಅಂದ್ರೂ ಅಷ್ಟ, ಮಂದಿ ಅಂದ್ರೂ ಅಷ್ಟ. ಪರಿಹಾರ ಕೇಳಬಹುದು."

"ರೊಕ್ಕ ಬ್ಯಾಡ್ರಿ. ನನ್ನ ಹೆಸರು ಹಾಕ್ಲಿ. ಕೆಳಗಿನ ಸುಳ್ಳು ತೆಗೀಲಿ."

ಮಾಧವಿ ಪೆನ್ನು ಕೆಳಗಿಟ್ಟರು. "ಅಮ್ಮಾ, ನೋಟಿಸಿನ್ಯಾಗ ನಿಮ್ಮ ಮಗನ ಹೆಸರೂ ಬರ್ತದ. ವಿಚಾರ ಮಾಡ್ರಿ."

"ಮಾಡೀನ್ರಿ. ಮೊದಲ್ನೇ ಸಾಲಿನ್ಯಾಗ ಬರ್ಲಿ."

ಬಸ್ಸಿನಲ್ಲಿ ವಾಪಸು ಬರುವಾಗ ಗಂಗೋತ್ರಿ ಕಿಟಕಿಯಾಚೆ ನೋಡುತ್ತ, "ಅಜ್ಜಿ, ಅಪ್ಪಗ ಭಾಳ ಏನೂ ಆಗಂಗಿಲ್ಲಲ್ಲ?" ಅಂದಳು. ದುರ್ಗಕ್ಕ ಟಿಕೆಟನ್ನು ಸಣ್ಣಗೆ ಮಡಚುತ್ತ ಕೂತಿದ್ದಳು.

ನೋಟಿಸು ತಲುಪಿದ ಹತ್ತನೇ ದಿನ ಮಾರೇಶ ಹನ್ನೊಂದು ಗಂಟೆಗೇ ಮನೆಗೆ ಬಂದ. ಟಿಫಿನ್ ಕ್ಯಾರಿಯರ್ ತುಂಬಿದ್ದು ತುಂಬಿದ ಹಾಗೇ ಇತ್ತು. ಸ್ಪರ್ಧೆಗೆ ಕೊಡುವಾಗ 'ಇದು ನಾನೇ ತೆಗೆದದ್ದು' ಅಂತ ಅವನು ರುಜು ಹಾಕಿದ್ದ. ಕಂಪನಿ ಆ ಕಾಗದ ಮುಂದಿಟ್ಟು, ಮೋಸ ಮಾಡಿದ್ದು ನೌಕರ, ನಮ್ಮದೇನೂ ತಪ್ಪಿಲ್ಲ ಎಂದು ಕೈ ತೊಳೆದುಕೊಂಡಿತ್ತು.

"ಸಸ್ಪೆಂಡ್ ಮಾಡ್ಯಾರ," ಅಂದ ಮಾರೇಶ. "ಹೊಟ್ಟಿ ತುಂಬ್ತೇನವ್ವಾ?"

"ಇನ್ನೂ ಇಲ್ಲ. ಆ ಸುಳ್ಳು ಹಂಗಾ ಐತಿ."

ಹೇಮಾವತಿ ಕ್ಯಾರಿಯರ್ ಬಿಚ್ಚಿ ಅದೇ ಅನ್ನವನ್ನು ಗಂಡನ ತಟ್ಟೆಗೆ ಬಡಿಸಿದಳು. ಅವನು ಉಣ್ಣುತ್ತಿದ್ದಾಗ ಬೆನ್ನು ತಿರುಗಿಸಿ ನಿಂತು, "ಹೆತ್ತಾಕೀನ ಹಿಂಗ ಮಾಡಿದ್ರ ಯಾರ ಮುಂದ ಅಳಬೇಕು," ಅಂದಳು. ಗೋಡೆಗೆ ಅಂದಳೋ ಅತ್ತೆಗೆ ಅಂದಳೋ, ಕೇಳಿಸಿದ್ದಂತೂ ಇಬ್ಬರಿಗೂ ಕೇಳಿಸಿತು.

ಮುಂದಿನ ವಾರ ಕಂಪನಿಯ ಮ್ಯಾನೇಜರ್ ಹಣ್ಣಿನ ಬುಟ್ಟಿ, ಶಾಲು ಹಿಡಿದು ಮನೆಗೇ ಬಂದ. ದುರ್ಗಕ್ಕನಿಗೆ ಶಾಲು ಹೊದಿಸಿ, ಜೊತೆಗೆ ಬಂದವನ ಕೈಯಿಂದ ಒಂದು ಚೀಟಿ ಇಸಿದುಕೊಂಡು ಗೋಡೆಯ ಮೇಲಿನ ಕ್ಯಾಲೆಂಡರಿಗೆ ತಾನೇ ಅಂಟಿಸಿದ. ಮಾರೇಶನ ಹೆಸರು ಮುಚ್ಚಿಹೋಗಿ 'ಛಾಯಾಚಿತ್ರ: ಶ್ರೀಮತಿ ದುರ್ಗಕ್ಕ, ಸಂಡೂರು' ಎಂದಾಯಿತು.

"ಎಲ್ಲಾ ಕ್ಯಾಲೆಂಡರಿಗೂ ಅಂಟಿಸುತ್ತಿದ್ದೇವೆ ಅಮ್ಮ. ಹೋಟೆಲು, ಬ್ಯಾಂಕು, ಪಂಚಾಯಿತಿ, ಎಲ್ಲ ಕಡೆ."

ದುರ್ಗಕ್ಕ ಹತ್ತಿರ ಹೋಗಿ ಓದಿದಳು. ಚೀಟಿಯ ಮೇಲ್ಗಡೆಯ ದಪ್ಪಕ್ಷರದ ಸಾಲು ಮೊದಲಿದ್ದಂತೆಯೇ ಇತ್ತು. ನಾವು ಮರಳಿ ಬೆಳೆಸಿದ ಹಸಿರು. ಈಗ ಆ ಸುಳ್ಳಿಗೆ ಅವಳದೇ ರುಜು.

"ಮ್ಯಾಲಿನದು ತೆಗೀರಿ."

"ಅದು ಕಂಪನಿಯ ವಿಷಯ. ನಿಮ್ಮ ಹಕ್ಕು ಹೆಸರಿನದು. ಕೊಟ್ಟಿದ್ದೇವಲ್ಲ."

"ಅಲ್ಲಿ ಹೂವು ಎಲ್ಲದಾವ್ರಿ? ಒಂದು ತೋರಿಸ್ರಿ, ಶಾಲು ಇಟ್ಕೋತೀನಿ."

ಮ್ಯಾನೇಜರ್ ನಕ್ಕ. ಅವಳು ಶಾಲು ಮಡಚಿ ಹಣ್ಣಿನ ಬುಟ್ಟಿಯ ಮೇಲಿಟ್ಟು, ಬುಟ್ಟಿಯನ್ನು ಅವನ ಕೈಗೇ ಕೊಟ್ಟಳು. ಒಳಗಿನ ಕೋಣೆಯಲ್ಲಿ ಮಾರೇಶ ಬಾಗಿಲ ಸಂದಿನಿಂದ ನೋಡುತ್ತ ನಿಂತಿದ್ದ. ಅವ್ವ ಶಾಲು ಇಟ್ಟುಕೊಂಡಿದ್ದರೆ ತನ್ನ ಕೆಲಸ ಉಳಿಯುತ್ತಿತ್ತು ಎಂದು ಅವನಿಗೆ ಕೊನೆತನಕ ಅನ್ನಿಸುತ್ತಲೇ ಇತ್ತು.

ಮಾಧವಿಗೆ ಫೋನು ಮಾಡಿದರೆ, "ಕೋರ್ಟಿಗೆ ಹೋಗಬಹುದು, ಆದ್ರ ವರ್ಷಗಟ್ಟಲೆ ನಡೀತದ," ಅಂದರು. ದುರ್ಗಕ್ಕನಿಗೆ ವರ್ಷಗಟ್ಟಲೆ ಕಾಯುವ ಮನಸ್ಸಿರಲಿಲ್ಲ. ಬಜಾರಿನ ಫ್ಲೆಕ್ಸ್ ಅಂಗಡಿಯಲ್ಲಿ ಪೂರ್ತಿ ಫೋಟೋವನ್ನು ಗುಂಡಿನ ಸಮೇತ ದೊಡ್ಡದು ಮಾಡಿಸಿ ಸ್ಟುಡಿಯೋದ ಶಟರಿಗೆ ಕಟ್ಟುವುದು ಅಂತ ಗಂಗೋತ್ರಿಗೆ ಹೇಳಿದಳು.

"ಅದೊಂದಾ ಹಾಕಿದ್ರ ಅರ್ಧ ಆಗ್ತೈತಜ್ಜಿ. ಈಗ ಹೆಂಗೈತಿ ಅಂತಾನೂ ತೋರಿಸಬೇಕು."

"ಒಳಗ ಯಾರು ಬಿಡ್ತಾರ?"

ಗಂಗೋತ್ರಿ ತನ್ನ ಫೋನು ತೆಗೆದಳು. ಅದು ಅಪ್ಪನ ಹಳೆಯ ಫೋನು, ಕಾಲೇಜು ಸೇರಿದಾಗ ಅವಳಿಗೆ ಕೊಟ್ಟಿದ್ದ. ಹಳೆಯ ಫೋಟೋಗಳು ಇನ್ನೂ ಅದರಲ್ಲಿದ್ದವು. ಒಂದನ್ನು ತೆರೆದು ತೋರಿಸಿದಳು. ಬ್ಲಾಸ್ಟಿಂಗ್ ಆದ ಗಳಿಗೆ. ಎರ್ರಮ್ಮನ ಗುಂಡು ನಡುವೆ ಸೀಳಿ, ಅರ್ಧ ಬಿದ್ದು, ಉಳಿದರ್ಧ ಸುಣ್ಣ ಕುಂಕುಮದ ಸಮೇತ ಕೆಂಪು ಕಂದಕದ ಮೇಲೆ ವಾಲಿ ನಿಂತಿತ್ತು. ಧೂಳಿನ ನಡುವೆ ಕುಂಕುಮ ಎದ್ದು ಕಾಣುತ್ತಿತ್ತು. ಮಾರೇಶ ಆ ದಿನ ಪಾಳಿ ಬಿಟ್ಟು ಅಲ್ಲಿಗೆ ಹೋಗಿ ನಿಂತಿದ್ದನೆಂದು ಗಂಗೋತ್ರಿಯನ್ನು ಬಿಟ್ಟರೆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ದುರ್ಗಕ್ಕ ಬಹಳ ಹೊತ್ತು ನೋಡಿದಳು. ಚೌಕಟ್ಟು ಸರಿಯಿತ್ತು. ಕೈ ನಡುಗಿರಲಿಲ್ಲ.

"ಅಪ್ಪನ್ನ ಕೇಳೋದು ಬ್ಯಾಡೇನಜ್ಜಿ?"

"ಬ್ಯಾಡ."

ಸಂತೆಯ ದಿನ ಬೆಳಿಗ್ಗೆ ಎರಡೂ ಫೋಟೋ ಅಕ್ಕಪಕ್ಕ ಶಟರಿನ ಮೇಲೆ ಎದ್ದವು. ಒಂದರ ಕೆಳಗೆ 'ಕಂಪನಿ ಬರುವ ಮೊದಲು. ಫೋಟೋ: ದುರ್ಗಕ್ಕ.' ಇನ್ನೊಂದರ ಕೆಳಗೆ 'ಕಂಪನಿ ಬಂದ ಮೇಲೆ. ಫೋಟೋ: ಮಾರೇಶ್.' ಅವಳು ಎದುರಿನ ಚಹಾದ ಅಂಗಡಿಯ ಬೆಂಚಿನ ಮೇಲೆ ಕೂತು ನೋಡಿದಳು. ಬುಟ್ಟಿ ಹೊತ್ತ ಹೆಂಗಸರು ಗುಂಡು ಕಂಡೊಡನೆ ಬುಟ್ಟಿ ಇಳಿಸಿ ಕೈಮುಗಿದರು. ಪಕ್ಕದ್ದನ್ನು ನೋಡಿ ಬೈದರು. ಟಿಪ್ಪರ್ ಓಡಿಸುವವರು ಫೋನಿನಲ್ಲಿ ತೆಗೆದುಕೊಂಡರು. ಮಧ್ಯಾಹ್ನದೊಳಗೆ ಅದು ಹೊಸಪೇಟೆ, ಕಂಪ್ಲಿ ದಾಟಿ ಹೋಗಿತ್ತು.

ಸಂಜೆ ಮಾರೇಶ ಉರಿಯುತ್ತ ಕಾದಿದ್ದ.

"ನನ್ನ ಫೋಟೋ ನನ್ನ ಕೇಳ್ದನ ಹಾಕಿದಿ!"

"ನೀ ನನ್ನ ಕೇಳಿದ್ದೇನು?"

"ವಿಚಾರಣಿ ಮುಗಿದ್ರ ವೇಬ್ರಿಡ್ಜಿಗಾದ್ರೂ ತಗೋತಿದ್ರು. ಇನ್ನ ಗೇಟಿನೊಳಗ ಬಿಡಂಗಿಲ್ಲ. ಫೋಟೋ ಹಾಕಿದ್ರ ಹಾಕಿದಿ, ಹೆಸರ್ಯಾಕ ಹಾಕಿದೆವ್ವಾ?"

"ನಾ ಕಳ್ಳಿ ಅಲ್ಲಲೇ. ತೆಗೆದವನ ಹೆಸರು ಹಾಕಬೇಕು, ಹಾಕೀನಿ."

ಮಾರೇಶ ಮೂಲೆಯಲ್ಲಿದ್ದ ಸಣ್ಣ ಒಲೆಯನ್ನು ಕಾಲಿಂದ ಒದ್ದ. ನುಚ್ಚಿನ ಪಾತ್ರೆ ಉರುಳಿ ನೆಲದ ತುಂಬ ಚೆಲ್ಲಿತು. ಹೇಮಾವತಿ ಬಟ್ಟೆ ತಂದು ಒರೆಸಲು ಕೂತಳು.

ಮಾಧವಿಯೂ ಫೋನಿನಲ್ಲಿ ಬೈದರು. "ಅಮ್ಮಾ, ನೀವು ಮಾಡಿದ್ದೂ ಅದೇ ತಪ್ಪು. ಅವನ ಫೋಟೋ ಹಾಕಲಿಕ್ಕೆ ಅವನ ಒಪ್ಪಿಗಿ ಬೇಕಿತ್ತು."

"ಗೊತ್ತಿತ್ರಿ," ಅಂದಳು ದುರ್ಗಕ್ಕ.

ಕಂಪನಿಯವರು ಮಾರೇಶನನ್ನು ಕರೆಸಿದರು. ಫೋಟೋ ನೀನೇ ಕೊಟ್ಟಿಲ್ಲ ಅನ್ನುವುದಕ್ಕೆ ಏನು ಗುರುತು ಅಂದರು. ನಿನ್ನ ತಾಯಿಗೆ ವಕೀಲರ ನೋಟಿಸು ಕೊಡು, ಅದರ ಪ್ರತಿ ತಂದು ತೋರಿಸು, ಆಮೇಲೆ ನೋಡೋಣ ಅಂದರು. ಮಾರೇಶ ಬಳ್ಳಾರಿಗೆ ಹೋಗಿ ಒಬ್ಬ ವಕೀಲರನ್ನು ಕಂಡು ಬಂದ.

ಐದು ದಿನಕ್ಕೆ ರಿಜಿಸ್ಟರ್ ಪೋಸ್ಟು ಬಂತು. ಮಾರೇಶ ಊಟಕ್ಕೆ ಕೂತಿದ್ದ. ದುರ್ಗಕ್ಕ ಅವನ ತಟ್ಟೆ ದಾಟಿಕೊಂಡೇ ಬಾಗಿಲಿಗೆ ಹೋಗಿ ರುಜು ಹಾಕಿ ಲಕೋಟೆ ಇಸಿದುಕೊಂಡಳು. ನಿಂತಲ್ಲೇ ಒಡೆದು, ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದಳು:

"'ನನ್ನ ಕಕ್ಷಿದಾರರಾದ ಮಾರೇಶ್ ಇವರು, ಎರ್ರಮ್ಮನ ಗುಂಡು ಎಂಬ ಸ್ಥಳದಲ್ಲಿ ಕಂಪನಿಯು ಸದರಿ ಬಂಡೆಯನ್ನು ಸ್ಫೋಟಿಸಿದ ಸಮಯದಲ್ಲಿ, ಖುದ್ದು ಹಾಜರಿದ್ದು, ತಮ್ಮ ಸ್ವಂತ ಮೊಬೈಲಿನಿಂದ ತೆಗೆದ ಛಾಯಾಚಿತ್ರವನ್ನು ತಾವು ಅನುಮತಿಯಿಲ್ಲದೆ ಪ್ರದರ್ಶಿಸಿರುತ್ತೀರಿ. ಕೂಡಲೇ ತೆಗೆಯತಕ್ಕದ್ದು.'"

ಮಾರೇಶ ತುತ್ತು ಕೈಯಲ್ಲೇ ಹಿಡಿದು ಕೂತಿದ್ದ.

"ಕೂಡಲೇ ಅಂದಾರ. ಕೂಡಲೇ ತೆಗೀತೀನಿ," ಅಂದಳು ದುರ್ಗಕ್ಕ. ಚಪ್ಪಲಿ ಮೆಟ್ಟಿ ಹೊರಟಳು.

ಬಜಾರಿಗೆ ಹೋಗಿ ಮಗನ ಫೋಟೋ ಇಳಿಸಿ ನೀಟಾಗಿ ಸುತ್ತಿಟ್ಟಳು. ಆಮೇಲೆ ಫ್ಲೆಕ್ಸ್ ಅಂಗಡಿಗೆ ಹೋಗಿ ಆ ನೋಟಿಸನ್ನೇ ಆಳೆತ್ತರ ಮಾಡಿಸಿದಳು. ವಕೀಲರ ಮೊಹರು, ರುಜು, ತಾರೀಖು ಎಲ್ಲ ಸಮೇತ ಅದು ಫೋಟೋ ಇದ್ದ ಜಾಗದಲ್ಲಿ ನಿಂತಿತು. ಫೋಟೋ ಸುಳ್ಳು ಅಂತ ಮ್ಯಾನೇಜರ್ ಹೇಳಬಹುದಿತ್ತು, ಕಂಪ್ಯೂಟರಿನಲ್ಲಿ ಮಾಡಿದ್ದು ಅನ್ನಬಹುದಿತ್ತು. ಈಗ ಕಂಪನಿ ತಾನೇ ಬರೆಸಿದ ಕಾಗದ, ಕಂಪನಿಯ ನೌಕರನೇ ಸಾಕ್ಷಿ: ಬಂಡೆ ಇತ್ತು, ಕಂಪನಿ ಒಡೆಯಿತು, ನಾನು ಕಣ್ಣಾರೆ ಕಂಡೆ. ಓದು ಬಲ್ಲವರು ಬಾರದವರಿಗೆ ಓದಿ ಹೇಳಿದರು. ಕೆಲವರು ಎರಡೆರಡು ಸಲ ಓದಿಸಿ ಕೇಳಿದರು.

ಎರಡೇ ದಿನದಲ್ಲಿ ಕಂಪನಿಯ ಜೀಪು ಹೋಟೆಲು, ಬ್ಯಾಂಕು ಸುತ್ತಿ ಕ್ಯಾಲೆಂಡರುಗಳನ್ನು ಇಳಿಸಿಕೊಂಡು ಹೋಯಿತು. ಮುದ್ರಣದ ತಪ್ಪು ಅಂದರು. ಮಾರೇಶನಿಗೆ ಕೆಲಸದಿಂದ ತೆಗೆದ ಪತ್ರ ಬಂತು. ತಿಂಗಳೊಳಗೆ ಕ್ವಾರ್ಟರ್ಸು ಬಿಡಬೇಕು ಎಂದಿತ್ತು. ಅವನಿಗೆ ಹೊಸಪೇಟೆಯ ಒಂದು ಲಾರಿ ಆಫೀಸಿನಲ್ಲಿ ಬುಕಿಂಗ್ ಕೆಲಸ ಸಿಕ್ಕಿತು. ಅಲ್ಲೇ ಎರಡು ಕೋಣೆಯ ಮನೆ ಹಿಡಿದ. ಮೂರು ದಿನಕ್ಕೊಮ್ಮೆ ನೀರು. ದುರ್ಗಕ್ಕ ಸ್ಟುಡಿಯೋದ ಹಿಂದಿನ ಕೋಣೆಗೆ ಹೋಗುವುದೆಂದು ಯಾರೂ ಕೂತು ಮಾತಾಡದೆಯೇ ಗೊತ್ತಾಯಿತು.

ಹೊರಡುವ ಹಿಂದಿನ ಮಧ್ಯಾಹ್ನ ಅತ್ತೆ ಸೊಸೆ ಪಾತ್ರೆ ಕಟ್ಟುತ್ತಿದ್ದರು. ಗಂಗೋತ್ರಿ ಬಚ್ಚಲಿನಲ್ಲಿ ಅಳುತ್ತಿರುವುದು ಇಬ್ಬರಿಗೂ ಕೇಳಿಸುತ್ತಿತ್ತು. ಹೇಮಾವತಿ ನಳ ತಿರುವಿ ಕೈ ತೊಳೆದು, ನೀರು ಸುಮ್ಮನೆ ಹರಿಯುತ್ತಿರುವುದನ್ನು ಸ್ವಲ್ಪ ಹೊತ್ತು ನೋಡಿ ನಿಲ್ಲಿಸಿದಳು.

"ಅತ್ತಿ, ಒಂದು ಮಾತು ಕೇಳ್ಲೇನ್ರಿ?"

"ಕೇಳು."

"ನಿಮಗ ಸಮಾಧಾನ ಆತೇನ್ರಿ?"

ದುರ್ಗಕ್ಕ ತಟ್ಟೆಗಳ ನಡುವೆ ಹಳೇ ಸೀರೆಯ ತುಂಡು ಇಡುತ್ತಿದ್ದಳು. ಸೊಸೆಯ ಮುಖ ನೋಡಿದಳು. ಅಲ್ಲಿ ಸಿಟ್ಟಿರಲಿಲ್ಲ. 'ಇಲ್ಲ ಹೇಮಾ' ಎಂಬ ಒಂದು ಮಾತಿಗೆ ಹೇಮಾವತಿ ಕಾದಿದ್ದಳು. ಆ ಮಾತು ಬಂದಿದ್ದರೆ ಕುಳಿತು ಇಬ್ಬರೂ ಅತ್ತುಬಿಡಬಹುದಿತ್ತು. ಹೊಸಪೇಟೆಯ ಎರಡು ಕೋಣೆಯಲ್ಲಿ ಒಂದು ಚಾಪೆಯ ಜಾಗ ಹೇಗೋ ಮಾಡಬಹುದಿತ್ತು.

ದುರ್ಗಕ್ಕ ಒಂದು ಗಳಿಗೆ ವಿಚಾರ ಮಾಡಿದಳು. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಆತು," ಅಂದಳು. "ಪೂರಾ ಆತು."

ಹೇಮಾವತಿ ಒಟ್ಟಿಗೆ ಕಟ್ಟಿದ್ದ ಗಂಟು ಬಿಚ್ಚಿ, ಅತ್ತೆಯ ಪಾತ್ರೆಗಳನ್ನು ಒಂದೊಂದಾಗಿ ಆರಿಸಿ ಬೇರೆ ಇಟ್ಟಳು.